ನಡುಗಡಲಿನ ಬೇರು

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಓದಕ್ಕ ಎಂದು. ಮನೆಯಲ್ಲಿ ಇಟ್ಟ ಹೆಸರು ಬೇರೆ ಇತ್ತು, ಆದರೆ ಆ ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವ ಒಂದು ಗ್ರಂಥಾಲಯ. ಅಲ್ಲಿ ಓದುವ ಕೆಲಸ ಅವಳದು. ಕವಿತೆಯಾಗಲಿ ಕಾದಂಬರಿಯಾಗಲಿ, ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಓದಬೇಕು. ಅವಳು ಹಾಗೇ ಓದುತ್ತಾಳೆ ಎಂದು ಗ್ರಂಥಾಲಯದವರು ನಂಬಿದ್ದರು. ನಿಜ ಹೇಳಬೇಕೆಂದರೆ ಒಂದು ವಿಷಯದಲ್ಲಿ ಮಾತ್ರ ಓದಕ್ಕ ಮಹಾ ಮೋಸಗಾತಿ. ಅವಳು ಓದಿದ ಪುಸ್ತಕಗಳಲ್ಲಿ ಯಾರೂ ನೀರಿನಲ್ಲಿ ಮುಳುಗಿ ಸಾಯುತ್ತಿರಲಿಲ್ಲ.

ಬರೆದವರು ಸಾಯಿಸಿದ್ದರೂ ಅವಳು ಬಿಡುತ್ತಿರಲಿಲ್ಲ. ಬಾವಿಗೆ ಹಾರಿದ ಸೊಸೆ, ಹೊಳೆ ದಾಟಲು ಹೋದ ಅಂಚೆಯವನು, ಬೆಳದಿಂಗಳಿಗೆ ಮರುಳಾಗಿ ಕೆರೆಗಿಳಿದ ಕಾಲೇಜು ಹುಡುಗ, ತಾನು ಕಟ್ಟಿಸಿದ ಅಣೆಕಟ್ಟಿನ ಮೇಲಿಂದಲೇ ಧುಮುಕಿದ ಎಂಜಿನಿಯರು, ಎಲ್ಲರೂ ಅವಳ ಬಾಯಿಗೆ ಬಂದ ಕೂಡಲೇ ಬದುಕಿಕೊಳ್ಳುತ್ತಿದ್ದರು. ಬದುಕುವ ರೀತಿಯೂ ಒಂದೇ. ‘ಅಷ್ಟರಲ್ಲಿ ಅವನ ಕೈಗೆ ಏನೋ ತಗುಲಿತು. ದಡದ ಮರದ ಬೇರು. ಅದನ್ನು ಬಿಗಿಯಾಗಿ ಹಿಡಿದುಕೊಂಡ.’ ಇಷ್ಟು ಹೇಳಿ, ಮತ್ತೆರಡು ಸಾಲಿನಲ್ಲಿ ಅವನನ್ನು ದಡ ಹತ್ತಿಸಿ, ಒದ್ದೆ ಬಟ್ಟೆಯಲ್ಲೇ ಮನೆಗೆ ಕಳಿಸಿ ಓದಕ್ಕ ಪುಸ್ತಕ ಮುಚ್ಚುತ್ತಿದ್ದಳು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ಇವಳಿಗೆ ಹುಲ್ಲುಕಡ್ಡಿಯ ಮೇಲೆ ನಂಬಿಕೆ ಇರಲಿಲ್ಲ.

ಕೊನೆಯ ಅಧ್ಯಾಯದಲ್ಲಿ ಸತ್ತವರದು ಸುಲಭ. ನಡುವೆಯೇ ಸತ್ತವರದು ತಾಪತ್ರಯ. ಅಂಥವರನ್ನು ಎತ್ತಿ ದಡಕ್ಕೆ ಹಾಕಿದ ಮೇಲೆ ಮುಂದಿನ ಅಧ್ಯಾಯದಲ್ಲಿ ಅವರ ತಾಯಿ ಅಳುತ್ತಾ ಕೂತಿರುತ್ತಾಳೆ, ಏನು ಮಾಡುವುದು? ಓದಕ್ಕ ಅದಕ್ಕೂ ಒಂದು ದಾರಿ ಕಂಡುಕೊಂಡಿದ್ದಳು. ‘ಅವನು ದೂರದ ಊರಿಗೆ ಹೊರಟುಹೋದ’ ಎಂದು ಒಂದು ಮಾತು ಸೇರಿಸಿದರೆ ತಾಯಿಯ ಅಳುವಿಗೂ ಅರ್ಥ ಬಂತು, ಇವಳ ಮನಸ್ಸಿಗೂ ಸಮಾಧಾನವಾಯಿತು. ಹೀಗೆ ದೂರದ ಊರಿಗೆ ಹೋದವರನ್ನೆಲ್ಲ ಒಟ್ಟುಗೂಡಿಸಿದ್ದರೆ ಒಂದು ಹಳ್ಳಿಯೇ ಆಗುತ್ತಿತ್ತು.

ಓದುವ ಕೋಣೆ ಕಟ್ಟಡದ ಹಿಂಭಾಗದಲ್ಲಿತ್ತು. ಕಿಟಕಿ ಇಲ್ಲ. ಗೋಡೆಗೆಲ್ಲ ದಪ್ಪ ಕಂಬಳಿ ಬಡಿದಿದ್ದರು. ಮೇಜಿನ ಮೇಲೂ ಬಟ್ಟೆ, ಹಾಳೆ ತಿರುಗಿಸಿದ ಸದ್ದು ಬರಬಾರದು ಎಂದು. ಒಳಗೆ ಹೋಗುವ ಮುಂಚೆ ಅವಳು ಬಳೆ ತೆಗೆದು ಪರ್ಸಿಗೆ ಹಾಕಿಕೊಳ್ಳುತ್ತಿದ್ದಳು, ಚಪ್ಪಲಿ ಬಾಗಿಲಾಚೆ ಬಿಡುತ್ತಿದ್ದಳು. ಹೊಟ್ಟೆ ಗುಡುಗುಟ್ಟಿದರೂ ಮೈಕಿಗೆ ಕೇಳಿಸುತ್ತದೆ, ಆದ್ದರಿಂದ ತುಂಬ ಹಸಿದೂ ಬರುವಂತಿಲ್ಲ, ತುಂಬ ಉಂಡೂ ಬರುವಂತಿಲ್ಲ. ಬಾಗಿಲು ಹಾಕಿದರೆ ಹೊರಗಿನ ಲೋಕ ಪೂರ್ತಿ ಮುಗಿಯುತ್ತಿತ್ತು. ಓದುವಾಗ ತನ್ನ ದನಿ ಕಂಬಳಿಯೊಳಗೆ ಇಂಗಿಹೋಗುವುದು ಅವಳಿಗೆ ಗೊತ್ತಾಗುತ್ತಿತ್ತು. ಯಾವ ಮೂಲೆಯಿಂದಲೂ ಮಾರುತ್ತರ ಇಲ್ಲ.

ಗಾಜಿನ ಆಚೆ ಕೂರುತ್ತಿದ್ದವನು ಮೆಷಿನ್ ನೋಡಿಕೊಳ್ಳುವವನು. ಒಳ್ಳೆಯ ಮನುಷ್ಯ. ಓದಕ್ಕ ಕೆಮ್ಮಿದರೆ, ಉಗುಳು ನುಂಗಿದರೆ, ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆದರೆ ತಕ್ಷಣ ಕೈ ಎತ್ತುತ್ತಿದ್ದ. ಉಳಿದಂತೆ ಪತ್ರಿಕೆಯ ಪದಬಂಧ ತುಂಬುತ್ತಾ ಕೂತಿರುತ್ತಿದ್ದ. ಅವನಿಗೆ ಗಂಟಲು ಕೇಳಿಸುತ್ತಿತ್ತೇ ಹೊರತು ಕಥೆ ಕೇಳಿಸುತ್ತಿರಲಿಲ್ಲ. ರೆಕಾರ್ಡ್ ಆದದ್ದನ್ನು ಪುಸ್ತಕದ ಜೊತೆ ಹೋಲಿಸಿ ನೋಡುವವರು ಒಂದು ಕಾಲಕ್ಕೆ ಇದ್ದರಂತೆ. ಅವರು ನಿವೃತ್ತರಾದ ಮೇಲೆ ಅವರ ಕುರ್ಚಿಯ ಮೇಲೆ ಹಳೆಯ ಪತ್ರಿಕೆಗಳ ಕಟ್ಟು ಬಂದು ಕೂತಿತ್ತು. ಕೇಳುವವರಿಗೆ ಪುಟ ಕಾಣುವುದಿಲ್ಲ. ಇನ್ನು ಹಿಡಿಯುವವರು ಯಾರು?

ಇದನ್ನೆಲ್ಲ ಅವಳು ಬೇಕೆಂದು ಶುರು ಮಾಡಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾದಂಬರಿ ಬಂತು, ದೋಣಿ ನಡೆಸುವವನ ಮಗಳದು. ಆ ಹುಡುಗಿ ಪ್ರವಾಹದಲ್ಲಿ ಕೊಚ್ಚಿಹೋಗುವ ಸಾಲಿಗೆ ಬಂದಾಗ ನಾಲಿಗೆ ಏಳಲಿಲ್ಲ. ಗಾಜಿನಾಚೆ ಮೆಷಿನ್ ತಿರುಗುತ್ತಿದೆ, ಅವನು ತಲೆಯೆತ್ತಿ ಏನಾಯಿತು ಎಂಬಂತೆ ನೋಡುತ್ತಿದ್ದಾನೆ. ಆಗ ಅವಳ ಬಾಯಿಂದ ತಾನಾಗಿ ಬಂದದ್ದು ಬೇರು. ಹೊರಗೆ ಬಂದ ಮೇಲೆ ಎದೆ ಹಗುರವಾಗಿತ್ತು. ಎಷ್ಟೋ ವರ್ಷದ ಮೇಲೆ ಒಂದು ಒಳ್ಳೆಯ ನಿದ್ದೆ ಬಂತು. ಒಂದು ಸಲ ರುಚಿ ಹತ್ತಿದ ಮೇಲೆ ಕೇಳಬೇಕೆ?

ಅವಳಿಗೆ ಒಬ್ಬ ತಮ್ಮನಿದ್ದ. ಅವಳು ಇನ್ನೂ ಲಂಗ ಹಾಕುವ ವಯಸ್ಸಿನವಳು, ಅವನು ಅವಳ ಭುಜದೆತ್ತರ. ಓದುವ ಹುಚ್ಚು ಅವಳಿಗೆ, ಕೇಳುವ ಹುಚ್ಚು ಅವನಿಗೆ. ಇಬ್ಬರ ನಡುವೆ ಒಂದು ಕರಾರಿತ್ತು. ಅವಳು ಓದುವಾಗ ಅವನು ಹೂಂಗುಟ್ಟಬೇಕು. ಹೂಂ ನಿಂತರೆ ಓದೂ ನಿಲ್ಲುತ್ತದೆ. ಹಾಸಿಗೆಯಲ್ಲಿ ಅವನ ಹೂಂ ಸಣ್ಣದಾಗುತ್ತಾ ಹೋಗಿ ಪೂರ್ತಿ ನಿಂತಾಗ ನಿದ್ದೆ ಹತ್ತಿತು ಎಂದು ಅವಳು ಪುಸ್ತಕ ಮುಚ್ಚುತ್ತಿದ್ದಳು. ಕೆಲವೊಮ್ಮೆ ಕಳ್ಳ, ಮುಚ್ಚಿದ ಸದ್ದಿಗೆ ಕಣ್ಣು ಬಿಟ್ಟು, “ಇದ್ದೀನಿ ಕಣೇ, ಮುಂದೆ?” ಅನ್ನುತ್ತಿದ್ದ.

ರಜೆಯ ಒಂದು ಮಧ್ಯಾಹ್ನ ಇಬ್ಬರೂ ಹೊಳೆಯ ದಡಕ್ಕೆ ಹೋದರು. ಅಲ್ಲಿ ಒಂದು ದೊಡ್ಡ ಮರ, ಅದರ ಬೇರು ಮಣ್ಣು ಕೊಚ್ಚಿಹೋಗಿ ನೀರಿನವರೆಗೆ ಇಳಿಬಿದ್ದಿತ್ತು. ಅವಳು ಮರಕ್ಕೆ ಒರಗಿ ಗಟ್ಟಿಯಾಗಿ ಓದುತ್ತಿದ್ದಳು, ಅವನು ಮೊಣಕಾಲುದ್ದ ನೀರಿನಲ್ಲಿ ಆಡುತ್ತಾ ಅಲ್ಲಿಂದಲೇ ಹೂಂಗುಟ್ಟುತ್ತಿದ್ದ. ಕಥೆಯಲ್ಲಿ ರಾಜಕುಮಾರ ತುಂಬಿದ ನದಿಯನ್ನು ಈಜಿ ದಾಟುತ್ತಿದ್ದ. ಕಥೆ ರಂಗೇರಿತ್ತು. ಯಾವುದೋ ಸಾಲಿನಲ್ಲಿ ಹೂಂ ನಿಂತಿತು. ನಿಂತದ್ದು ಅವಳಿಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಅವಳು ತನಗೇ ಎಂದೂ ಸುಳ್ಳು ಹೇಳಿಕೊಂಡವಳಲ್ಲ. ಈ ಪುಟ ಒಂದು ಮುಗಿಯಲಿ ಅಂದುಕೊಂಡಳು. ರಾಜಕುಮಾರನನ್ನು ಆಚೆ ದಡ ಮುಟ್ಟಿಸಿ, ಆಮೇಲೆ ತಲೆಯೆತ್ತಿದಳು. ನೀರು ಸುಮ್ಮನೆ ಹರಿಯುತ್ತಿತ್ತು.

ಬೇರು ಒಂದು ಮೊಳ ದೂರದಲ್ಲೇ ಇತ್ತು, ಕೈಗೆ ಸಿಕ್ಕಿದ್ದರೆ ಬದುಕಿಕೊಳ್ಳುತ್ತಿದ್ದ ಎಂದು ಹುಡುಕಿ ತಂದವರು ಹೇಳಿದರು. ಅಪ್ಪ ಅವಳನ್ನು ಏನೂ ಕೇಳಲಿಲ್ಲ. ಅಮ್ಮನೂ ಕೇಳಲಿಲ್ಲ. ಬೈದಿದ್ದರೆ, ಎರಡೇಟು ಹೊಡೆದಿದ್ದರೆ ಅಳಬಹುದಿತ್ತು. ಅಮ್ಮ ಬದುಕಿರುವತನಕ ಮಾಡಿದ್ದು ಒಂದೇ, ಬಚ್ಚಲಲ್ಲಿ ಬಕೆಟ್ ತುಂಬಿಡಲು ಬಿಡುತ್ತಿರಲಿಲ್ಲ. ಮಿಕ್ಕ ನೀರನ್ನು ಚೆಲ್ಲಿ ಬಕೆಟನ್ನು ಬೋರಲು ಹಾಕಿಡುತ್ತಿದ್ದಳು. ಆ ಅಭ್ಯಾಸ ಓದಕ್ಕನಿಗೂ ಬಂದಿತ್ತು.

ಅವಳು ಮದುವೆಯಾಗಲಿಲ್ಲ. ಇಸ್ತ್ರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟವ್, ಒಂದು ಕುರ್ಚಿ. ಎರಡನೆಯ ಕುರ್ಚಿಯ ಅಗತ್ಯ ಬಿದ್ದಿರಲಿಲ್ಲ. ಮಧ್ಯಾಹ್ನವಾದರೆ ಕೆಳಗಿನ ಇಸ್ತ್ರಿಯ ಬಿಸಿ ನೆಲದ ಮೂಲಕ ಅಂಗಾಲಿಗೆ ಹತ್ತುತ್ತಿತ್ತು. ಮನೆಯಲ್ಲಿ ಅವಳು ಪುಸ್ತಕ ಮುಟ್ಟುತ್ತಿರಲಿಲ್ಲ. ಊರಿನ ಎಷ್ಟೋ ಮನೆಗಳಲ್ಲಿ ಅವಳ ದನಿ ಅಡುಗೆಮನೆಯ ಮೂಲೆಯಲ್ಲಿ, ಹಾಸಿಗೆಯ ಪಕ್ಕದಲ್ಲಿ ಹಗಲೆಲ್ಲ ಮಾತಾಡುತ್ತಿತ್ತು. ಅವಳ ಮನೆಯಲ್ಲಿ ಮಾತ್ರ ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಮಾತೂ ಹುಟ್ಟುತ್ತಿರಲಿಲ್ಲ. ಸೋಮವಾರ ಮೈಕಿನ ಮುಂದೆ ಕೂತಾಗ ಮೊದಲ ಸಾಲಿಗೆ ಗಂಟಲು ಕಟ್ಟಿರುತ್ತಿತ್ತು. “ಓದಕ್ಕಾ, ಭಾನುವಾರ ಐಸ್‌ಕ್ರೀಂ ತಿಂದ್ರಾ?” ಎಂದು ಮೆಷಿನಿನವನು ಪ್ರತಿ ಸಲ ಕೇಳುತ್ತಿದ್ದ. ಅವಳು ಪ್ರತಿ ಸಲ ನಗುತ್ತಿದ್ದಳು.

ಅವಳಿಗೆ ಕವಿಗಳ ಮೇಲೆ ಸಿಟ್ಟಿತ್ತು. ಕಥೆ ಬರೆಯುವವರು ಒಬ್ಬನನ್ನು ಮುಳುಗಿಸಿದರೆ ಕೊನೇಪಕ್ಷ ನಾಲ್ಕು ಜನರನ್ನು ಕರೆಸಿ ಹುಡುಕಿಸುತ್ತಾರೆ. ಕವಿಗಳಿಗೆ ಆ ಜವಾಬ್ದಾರಿ ಇಲ್ಲ. ನೀರು ಅಂದರೆ ಕಾಲ, ನೀರು ಅಂದರೆ ತಾಯಿ, ನೀರು ಅಂದರೆ ಮನಸ್ಸು, ನೀರು ಅಂದರೆ ನೀರು ಮಾತ್ರ ಅಲ್ಲ. ಪಾದ ಒದ್ದೆ ಮಾಡಿಕೊಳ್ಳದ ಮಹಾಶಯರೂ ಆಳಕ್ಕೆ ಇಳಿ, ನಿನ್ನನ್ನೇ ನೀರಿಗೆ ಒಪ್ಪಿಸು, ಮುಳುಗಿದರೆ ಮುತ್ತು ಎಂದು ಉಪದೇಶ ಮಾಡುತ್ತಾರೆ. ಓದಕ್ಕ ಹಲ್ಲು ಕಚ್ಚಿ ಓದುತ್ತಿದ್ದಳು. ಹುಡುಗಿಯ ಕಣ್ಣಿನಲ್ಲಿ ಮುಳುಗಿದವರನ್ನು ಅವಳು ಎತ್ತಲು ಹೋಗುತ್ತಿರಲಿಲ್ಲ, ಅದು ಅವರವರ ಕರ್ಮ. ಆದರೆ ನಿಜವಾದ ನೀರಿನಲ್ಲಿ ಯಾರಾದರೂ ‘ಮುಳುಗಿದೆ’ ಅಂದರೆ ‘ತೇಲಿದೆ’ ಎಂದು ಓದುತ್ತಿದ್ದಳು. ನಾಲ್ಕು ಮಾತ್ರೆಗೆ ನಾಲ್ಕು ಮಾತ್ರೆ, ತಾಳ ತಪ್ಪುತ್ತಿರಲಿಲ್ಲ. ಕವಿಗೆ ಗೊತ್ತಾದರೆ ಅವನೇ ಮುಳುಗಿಹೋಗಲಿ ಎಂಬ ಧೈರ್ಯ ಅವಳಿಗಿತ್ತು.

ಹೀಗೆ ನಡೆಯುತ್ತಿರುವಾಗ ಒಂದು ದಿನ ಮೆಷಿನಿನವನು ಬಾಗಿಲು ತೆರೆದು ಹೇಳಿದ, “ಓದಕ್ಕಾ, ಯಾರೋ ಬಂದಿದಾರೆ. ನಿಮ್ಮ ಓದಿನ ಬಗ್ಗೆ ಏನೋ ಕೇಳ್ಬೇಕಂತೆ.”

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಈ ಕೆಲಸ ಹೋದರೆ ಊಟಕ್ಕೇನು ಎಂಬುದು ಆಮೇಲಿನ ಮಾತು. ಈ ಕೋಣೆ ಹೋದರೆ ಬಾಯಿಯನ್ನಾದರೂ ಎಲ್ಲಿ ತೆರೆಯುವುದು? ಬಳೆ ಹಾಕಿಕೊಳ್ಳುವುದನ್ನೂ ಮರೆತು ಹೊರಗೆ ಬಂದಳು.

ಹೊರಗಿನ ಬೆಂಚಿನ ಮೇಲೆ ಒಬ್ಬರು ಹಿರಿಯರು ನೆಟ್ಟಗೆ ಕೂತಿದ್ದರು. ಕತ್ತರಿಸಿದ ಬಿಳಿ ಕೂದಲು, ಅಗಲ ಭುಜ, ಮೊಣಕಾಲ ನಡುವೆ ಬಿಳಿ ಕೋಲು. ಹೆಜ್ಜೆಯ ಸದ್ದಿಗೆ ಮುಖ ತಿರುಗಿಸಿದರು.

“ಓದಕ್ಕ ಅಂದ್ರೆ ನೀವೇನಾ?”

“ಹೌದು.”

“ಇನ್ನೊಂದು ಸಲ ಹೇಳಿ.”

“ಹೌದು, ನಾನೇ.”

“ನೀವೇ. ಸರಿ.” ಅವರು ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. “ನಾನು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸ್ತಿದ್ದೆ. ಈಜುಮೇಷ್ಟ್ರು ಅಂತಾರೆ. ಕಣ್ಣು ಹೋದ ಮೇಲೆ ನೀರಿನ ಕಥೆ ಇರೋ ಪುಸ್ತಕ ಯಾವುದಿದ್ರೂ ಕೊಡಿ ಅಂತ ಇಲ್ಲಿಂದ ತರಿಸ್ಕೊಂಡು ಕೇಳ್ತೀನಿ. ಒಂದು ಅನುಮಾನ ಇತ್ತಮ್ಮ. ಸಮುದ್ರದ ಮಧ್ಯ ಮರದ ಬೇರು ಎಲ್ಲಿಂದ ಬಂತು?”

ಓದಕ್ಕನಿಗೆ ಯಾವ ಪುಸ್ತಕ ಎಂದು ತಕ್ಷಣ ಹೊಳೆಯಿತು. ಗಡಿಯಾರ ರಿಪೇರಿ ಮಾಡುವ ಒಬ್ಬನ ಕಾದಂಬರಿ. ದಿನಾ ಬೆಳಿಗ್ಗೆ ಅವನು ಸಮುದ್ರದಲ್ಲಿ ಲಂಗರು ಹಾಕಿದ ಒಂದು ಕೆಂಪು ಪೀಪಾಯಿಯವರೆಗೆ ಈಜಿ, ಅದನ್ನು ಮುಟ್ಟಿ ವಾಪಸು ಬರುತ್ತಾನೆ. ಕೊನೆಯ ಅಧ್ಯಾಯದಲ್ಲಿ ಪೀಪಾಯಿಯನ್ನು ದಾಟಿ ಮುಂದೆ ಹೋಗುತ್ತಾನೆ. ಅವಳು ಸಮುದ್ರ ನೋಡಿದವಳಲ್ಲ. ದಡದಿಂದ ಅಷ್ಟು ದೂರದಲ್ಲಿ ದಡದ ಮರ ಇರುವುದಿಲ್ಲ ಎಂಬುದು ನಾಲಿಗೆಗೆ ತೋಚಿರಲಿಲ್ಲ. ಬಾಯಿಪಾಠವಾದ ಬೇರು ಅಲ್ಲಿಗೂ ಹೋಗಿಬಿಟ್ಟಿತ್ತು.

“ಮೊದಲು ಬಾವೀಲಿ ಬಂತು, ಸರಿ, ಇರುತ್ತೆ,” ಮೇಷ್ಟ್ರು ಬೆರಳು ಮಡಿಸತೊಡಗಿದರು. “ಕೆರೆ, ಅದೂ ಸರಿ. ಅಣೆಕಟ್ಟಲ್ಲೂ ಬೇರು ಬಂದಾಗ, ಈ ಬರೆಯೋರೆಲ್ಲಾ ಒಬ್ಬರಿಂದ ಒಬ್ಬರು ಕದೀತಾರಲ್ಲಪ್ಪ ಅಂದ್ಕೊಂಡೆ. ಸಮುದ್ರದಲ್ಲೂ ಬಂದಾಗ ಅನ್ಸಿತು, ಕಳ್ಳರು ಅವರಲ್ಲ.”

ಅವರು ನಗುತ್ತಿದ್ದರು. ಓದಕ್ಕನಿಗೆ ನಗು ಬರಲಿಲ್ಲ.

“ಆಫೀಸಿಗೆ ಹೇಳ್ತೀರಾ?”

“ಹೇಳಿ ನನಗೇನಾಗ್ಬೇಕು? ಆದ್ರೆ ನಂದೊಂದು ಕಷ್ಟ ಇದೆ.” ಮೇಷ್ಟ್ರ ನಗು ಇಳಿಯಿತು. “ಆ ಪುಸ್ತಕನ ನಾನು ನನ್ನ ಕಣ್ಣಲ್ಲೇ ಓದ್ತಿದ್ದೆ. ಕೊನೇದಾಗಿ ಓದಿದ್ದು ಅದನ್ನೇ. ದಿನಾ ಒಂದೆರಡು ಪುಟ, ಭೂತಗನ್ನಡಿ ಹಿಡಿದು. ಅವನು ಪೀಪಾಯಿ ದಾಟಿದ. ಅಲ್ಲಿಗೆ ನನ್ನ ಕಣ್ಣಲ್ಲಿ ಅಕ್ಷರ ಮುಗೀತು. ಮುಂದೇನಾಯ್ತು ಅಂತ ಎಷ್ಟು ವರ್ಷ ಯೋಚಿಸಿದೀನಿ ಗೊತ್ತಾ? ಕೊನೆಗೆ ಇಲ್ಲಿಗೆ ಬಂತು ಅಂತ ಗೊತ್ತಾಗಿ ತರಿಸ್ಕೊಂಡು, ಬಾಗಿಲು ಹಾಕ್ಕೊಂಡು ಕೂತು ಕೇಳಿದ್ರೆ, ನೀವು ನನ್ನ ಕೈಗೊಂದು ಬೇರು ಕೊಟ್ರಿ.”

“ಬೇರೆ ಯಾರ ಹತ್ರನಾದ್ರೂ ಓದಿಸ್ಬಹುದಿತ್ತು.”

“ಪಕ್ಕದ ಮನೆಯವರ ಹತ್ರ ಓದಿಸ್ಬಹುದು. ಕರೆಂಟ್ ಬಿಲ್ ಓದಿದಂಗೆ ಓದ್ತಾರೆ. ಅಷ್ಟು ದೂರ ನಿಮ್ಮ ದನಿ ಜೊತೆ ಈಜಿಕೊಂಡು ಹೋಗಿದೀನಿ, ಕೊನೇಲಿ ಬೇರೆಯವರ ಕೈ ಹಿಡೀಲಾ?” ಮೇಷ್ಟ್ರು ಕೋಲನ್ನು ನೆಲಕ್ಕೆ ಊರಿದರು. “ಅವನು ಬದುಕಿದ್ರೂ ಸರಿ, ಸತ್ರೂ ಸರಿ. ಆದದ್ದು ಬೇಕು ನಂಗೆ.”

ಓದಕ್ಕ ತನ್ನ ಬರಿಗೈ ನೋಡಿಕೊಳ್ಳುತ್ತಾ ಕೂತಳು.

“ಯಾರಮ್ಮ?” ಮೇಷ್ಟ್ರು ಕೇಳಿದರು, ಮೆಲ್ಲಗೆ.

“ತಮ್ಮ,” ಅಂದಳು. ಆ ಮಾತನ್ನು ಬಾಯಿಬಿಟ್ಟು ಆಡಿ ಎಷ್ಟು ಕಾಲವಾಗಿತ್ತೋ. ಮೇಷ್ಟ್ರು ಮುಂದಿನ ವಾರ ಬರುತ್ತೇನೆ ಎಂದು ಎದ್ದರು. ಓದಕ್ಕ ಆಗಲಿ ಅಂದಳು. ಆಗಲ್ಲ ಅನ್ನಲು ಅವಳಿಗೆ ನಾಚಿಕೆಯಾಯಿತು.

ಆ ವಾರವೆಲ್ಲ ಅವಳ ಮೈ ಸರಿಯಿರಲಿಲ್ಲ. ಮೇಷ್ಟ್ರು ಕೇಳಿದ್ದರಲ್ಲಿ ತಪ್ಪಿಲ್ಲ. ಒಂದು ಪುಟ ಓದುವುದು ಎಷ್ಟು ಹೊತ್ತಿನ ಕೆಲಸ? ಆದರೆ ಆ ಗಡಿಯಾರದವನನ್ನು ಬಿಟ್ಟರೆ ಅವಳು ಬಿಡುವುದು ಅವನೊಬ್ಬನನ್ನೇ ಅಲ್ಲ. ಸೊಸೆ, ಅಂಚೆಯವನು, ಎಂಜಿನಿಯರು, ಎಲ್ಲರೂ ಹಿಡಿದಿದ್ದದ್ದು ಒಂದೇ ಬೇರು. ಅದು ಒಂದು ಕಡೆ ಕಿತ್ತರೆ ಎಲ್ಲ ಕಡೆಯೂ ಕಿತ್ತಂತೆ. ಎಲ್ಲರ ಕೆಳಗೆ ಒಬ್ಬ ಪುಟ್ಟ ಹುಡುಗ ಅದೇ ಬೇರನ್ನು ಹಿಡಿದು ತೂಗಾಡುತ್ತಿದ್ದ. ಓದಿದರೆ ಅವನು ಮತ್ತೆ ಹೋಗುತ್ತಾನೆ, ಈ ಸಲ ತನ್ನ ಬಾಯಿಂದಲೇ ಹೋಗುತ್ತಾನೆ. ಅವಳಿಗೆ ಭಯವಾಗುತ್ತಿದ್ದದ್ದು ಇದಕ್ಕೆ.

ಆದರೂ ಗುರುವಾರ ಮೆಷಿನಿನವನಿಗೆ, “ಆ ಗಡಿಯಾರದವನ ಕಾದಂಬರೀಲಿ ಕೊನೆಗೆ ಒಂದು ತಪ್ಪು ಓದಿದೀನಿ, ತಿದ್ಬೇಕು,” ಅಂದಳು. ಒಳಗೆ ಹೋಗಿ ಕೂತಳು. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ಪೀಪಾಯಿ ದಾಟುವವರೆಗೆ ಚೆನ್ನಾಗಿಯೇ ಓದಿದಳು. ಮಂಜು ಮುಸುಕಿತು, ದಡ ಕಾಣದಾಯಿತು, ತೋಳು ಸೋತವು. ‘ಅಷ್ಟರಲ್ಲಿ ಅವನ ಕೈಗೆ ಏನೋ ತಗುಲಿತು’ ಅಂದಿತು ಬಾಯಿ.

ನಿಲ್ಲಿಸಿದಳು. ಮತ್ತೆ ಓದಿದಳು. ಮತ್ತೆ ಬೇರು ಬಂತು. ಬೆರಳನ್ನು ಸಾಲಿನ ಕೆಳಗೆ ಒತ್ತಿ ಹಿಡಿದು ಓದಿದಳು, ಬೆರಳು ಸಾಲಿನಲ್ಲೇ ಇತ್ತು, ಬಾಯಿ ದಡ ಹತ್ತಿತ್ತು. ಗಾಜಿನಾಚೆ ಮೆಷಿನಿನವನು ಪೆನ್ಸಿಲ್ ಕೆಳಗಿಟ್ಟ.

“ಓದಕ್ಕಾ,” ಸ್ಪೀಕರಿನಲ್ಲಿ ಅವನ ದನಿ ಬಂತು, “ಗಂಟಲು ಸರಿಯಾಗಿದೆ. ಆದ್ರೆ ನೀವು ಪುಟ ನೋಡ್ತಿಲ್ಲ.”

ಅಷ್ಟು ವರ್ಷದಲ್ಲಿ ಅವನಿಗೆ ಮೊದಲ ಸಲ ಕಥೆ ಕೇಳಿಸಿತ್ತು. ಅವಳು ಎದ್ದು ಹೊರಗೆ ಬಂದು, ಸ್ವಲ್ಪ ನೀರು ಕುಡಿದು, ಮನೆಗೆ ಹೋದಳು. ಬಕೆಟ್ ಬೋರಲಾಗಿದೆಯೋ ಇಲ್ಲವೋ ಎಂದು ಎರಡೆರಡು ಸಲ ನೋಡಿ ಮಲಗಿದಳು.

ಮೇಷ್ಟ್ರು ಹೇಳಿದ ದಿನ ಹೇಳಿದ ಹೊತ್ತಿಗೆ ಬಂದರು. ಓದಕ್ಕ ಸುತ್ತಿಬಳಸಲಿಲ್ಲ.

“ನನ್ನಿಂದಾಗಲ್ಲ ಮೇಷ್ಟ್ರೇ. ಬಾಯಿಗೆ ಬರಲ್ಲ.”

“ನಮ್ಮ ಮಕ್ಕಳೂ ಹೀಗೇ ಅಂತಿದ್ರು,” ಮೇಷ್ಟ್ರು ಅಂದರು. “ಅಂಗಾತ ತೇಲೋದು ಕಲಿಸುವಾಗ ಬೆನ್ನಿನ ಕೆಳಗೆ ಕೈ ಇಟ್ಕೊಂಡಿರ್ತಿದ್ದೆ. ಅವಕ್ಕೆ ಕಣ್ಣು ಬಿಡೋಕೆ ಭಯ. ಕೈ ಇದೆಯೋ ಇಲ್ವೋ ಅನ್ನೋದು ಇನ್ನೂ ಭಯ. ಅದಕ್ಕೆ ‘ಇದ್ದೀನಿ, ಇದ್ದೀನಿ’ ಅಂತ ಹೇಳ್ತಾನೇ ಇರ್ತಿದ್ದೆ. ಕೈ ತೆಗೆದ ಮೇಲೂ ಹೇಳ್ತಿದ್ದೆ.”

“ಮೋಸ ಅಲ್ವಾ ಅದು?”

“ಮೋಸವೇ. ನಿಮ್ಮ ಬೇರಿನ ಹಾಗೆ. ಆದ್ರೆ ನಾನು ಅಲ್ಲೇ ಇರ್ತಿದ್ದೆ ಅನ್ನೋದು ಸುಳ್ಳಲ್ಲವಲ್ಲ.” ಕೋಲೂರಿ ಎದ್ದು ನಿಂತರು. “ನಡೀರಿ. ನಾನೂ ಒಳಗೆ ಕೂರ್ತೀನಿ.”

“ಒಳಗೆ ಬೇರೆಯವರು ಕೂರೋ ಹಾಗಿಲ್ಲ ಸಾರ್,” ಮೆಷಿನಿನವನು ಅಡ್ಡ ಬಂದ. “ಉಸಿರಾಡೋದೂ ರೆಕಾರ್ಡ್ ಆಗುತ್ತೆ.”

“ಆಗ್ಲಿ ಬಿಡಪ್ಪ. ಕುರುಡರೂ ಉಸಿರಾಡ್ತಾರೆ ಅಂತ ಕೇಳೋರಿಗೆ ಗೊತ್ತು.”

ಅವನು ಓದಕ್ಕನ ಮುಖ ನೋಡಿದ. ಓದಕ್ಕ ಒಳಗೆ ಹೋಗಿ ತನ್ನ ಕುರ್ಚಿಯ ಎದುರಿಗೆ ಇನ್ನೊಂದು ಕುರ್ಚಿ ಹಾಕಿದಳು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು.

ಬಾಗಿಲು ಮುಚ್ಚಿತು. ಮೇಷ್ಟ್ರು ಕೋಲನ್ನು ಕಂಬಳಿಗೆ ಒರಗಿಸಿ, ಕೈ ಕಟ್ಟಿ, ತಲೆ ಸ್ವಲ್ಪ ಬಾಗಿಸಿ ಕೂತರು. ದೀಪ ಹತ್ತಿತು. ಅವಳು ಕೊನೆಯ ಅಧ್ಯಾಯವನ್ನು ಮೊದಲಿಂದ ತೆಗೆದಳು. ‘ಆ ದಿನ ಬೆಳಿಗ್ಗೆ ಅಂಗಡಿಯ ಗಡಿಯಾರಗಳೆಲ್ಲ ಒಟ್ಟಿಗೆ ಬಡಿದವು.’

“ಹೂಂ,” ಅಂದರು ಮೇಷ್ಟ್ರು.

ಓದಕ್ಕನ ಕೈ ಪುಟದ ಮೇಲೇ ನಿಂತಿತು. ಅವಳು ಅವರಿಗೆ ಹೂಂ ಅನ್ನಿ ಎಂದು ಹೇಳಿರಲಿಲ್ಲ. ಆ ಕರಾರಿನ ವಿಷಯ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅದರಲ್ಲಿ ಒಬ್ಬರು ಇರಲಿಲ್ಲ. ಮೇಷ್ಟ್ರಿಗೆ ಅದು ಏನೂ ಅಲ್ಲ, ಎದುರಿಗೆ ಒಬ್ಬರು ಕಥೆ ಹೇಳುವಾಗ ಯಾರಾದರೂ ಅನ್ನುವುದನ್ನೇ ಅವರೂ ಅಂದಿದ್ದರು. ಆದರೆ ಈ ಕೋಣೆಯ ಗೋಡೆಗಳು ಅವಳ ಓದಿಗೆ ಒಂದು ದಿನವೂ ಹೂಂ ಅಂದಿರಲಿಲ್ಲ. ಅವಳು ಮುಂದಿನ ಸಾಲು ಓದಿದಳು.

ಅವನು ಚಪ್ಪಲಿ ಬಿಟ್ಟ. ಹೂಂ. ಟವೆಲನ್ನು ಮಡಿಸಿ ಬಂಡೆಯ ಮೇಲಿಟ್ಟ. ಹೂಂ. ನೀರಿಗಿಳಿದ, ಅಲೆಗಳನ್ನು ಸೀಳಿದ, ಪೀಪಾಯಿ ಮುಟ್ಟಿದ, ಹಿಂತಿರುಗಲಿಲ್ಲ. ಹೂಂ, ಹೂಂ, ಹೂಂ. ಒಂದೊಂದು ಹೂಂ ಬಂದಾಗಲೂ ಅವಳು ಒಂದೊಂದು ಸಾಲು ಮುಂದೆ ಹೋದಳು. ಹಾಗೆ ಓದಿ ಎಷ್ಟು ಕಾಲವಾಗಿತ್ತು! ಓದು ಎಂದರೆ ಇದು ಎಂಬುದೇ ಅವಳಿಗೆ ಮರೆತುಹೋಗಿತ್ತು. ಮಂಜು ಮುಸುಕಿತು. ದಡ ಕಾಣದಾಯಿತು. ತೋಳು ಸೋತವು. ಬೇರು ಬಾಯಿಯವರೆಗೆ ಬಂತು. ಅವಳು ಹಲ್ಲು ಕಚ್ಚಿ, ಕಾಗದದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಓದಿದಳು.

‘ಅವನ ಬಲಗೈ ಒಮ್ಮೆ ನೀರಿನಿಂದ ಮೇಲೆದ್ದಿತು. ಎಡಗೈಯ ಸರದಿ ಬರಲಿಲ್ಲ.’

ಹೂಂ ಬರಲಿಲ್ಲ.

ಕಂಬಳಿಯ ಗೋಡೆಗಳ ನಡುವೆ ಯಾವ ಸದ್ದೂ ಇರಲಿಲ್ಲ. ಕಣ್ಣ ಮುಂದೆ ಮುಂದಿನ ಸಾಲು ಇತ್ತು, ಅದು ಅವಳನ್ನು ಎಳೆಯುತ್ತಿತ್ತು. ಓದಕ್ಕ ಓದಲಿಲ್ಲ. ಪುಸ್ತಕದಿಂದ ತಲೆಯೆತ್ತಿ ನೋಡಿದಳು.

ಮೇಷ್ಟ್ರು ಅಲ್ಲೇ ಇದ್ದರು. ಮುಖ ಮೇಲಕ್ಕೆತ್ತಿ ಕೂತಿದ್ದರು. ಎರಡೂ ಕಣ್ಣಿನಿಂದ ನೀರು ಇಳಿದು ಗಲ್ಲದವರೆಗೆ ಬಂದಿತ್ತು.

“ಮೇಷ್ಟ್ರೇ?” ಅಂದಳು. ಅವಳ ದನಿ ಅವಳದಾಗಿರಲಿಲ್ಲ, ಲಂಗ ಹಾಕಿದ ಒಬ್ಬ ಹುಡುಗಿಯದು. “ಮೇಷ್ಟ್ರೇ, ಇದ್ದೀರಾ?”

“ಇದ್ದೀನಮ್ಮ,” ಅಂದರು. ಅಂಗೈಯಿಂದ ಮುಖ ಒರೆಸಿಕೊಂಡರು. “ಇದ್ದೀನಿ. ಮುಂದೆ?”

ಓದಕ್ಕನಿಗೆ ಅಳು ಬಂತು. ಮೈಕಿನ ಮುಂದೆ ಅಳಬಾರದು ಎಂಬುದು ನೆನಪಾಗಿಯೂ ಅತ್ತಳು. ದಡದ ಮರದ ಕೆಳಗೆ ಅಳಬೇಕಾಗಿದ್ದ ಅಳು ಅದು, ಅಪ್ಪ ಅಮ್ಮನ ಮುಂದೆ ಅಳಲಾಗದೆ ಹೋದದ್ದು. ಗಾಜಿನಾಚೆ ಮೆಷಿನಿನವನು ಅಭ್ಯಾಸಬಲದಿಂದ ಕೈ ಎತ್ತಿದವನು ಇಳಿಸಿದ. ಮೆಷಿನ್ ನಿಲ್ಲಿಸಲಿಲ್ಲ. ಮೇಷ್ಟ್ರು ಕಾದರು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪುಟ ನೋಡಿದಳು. ಆ ಸಾಲು ಪುಸ್ತಕದ ಕೊನೆಯ ಸಾಲಾಗಿರಲಿಲ್ಲ. ಅದರ ನಂತರ ಇನ್ನೂ ಒಂದೂವರೆ ಪುಟ ಇತ್ತು. ಅದನ್ನು ಅವಳು ಯಾವತ್ತೂ ಓದಿರಲಿಲ್ಲ. ಕೊನೆಯ ಅಧ್ಯಾಯದಲ್ಲಿ ಮುಳುಗುವವರನ್ನು ಎತ್ತಿ ಮನೆಗೆ ಕಳಿಸಿ ಅಲ್ಲೇ ಪುಸ್ತಕ ಮುಚ್ಚುತ್ತಿದ್ದವಳಿಗೆ, ಆಮೇಲೂ ಕಥೆ ಇರುತ್ತದೆ ಎಂಬುದು ತಿಳಿದಿರಲಿಲ್ಲ. ಉಗುಳು ನುಂಗಿ, ಬೆರಳನ್ನು ಮುಂದಿನ ಸಾಲಿನ ಕೆಳಗಿಟ್ಟಳು.

‘ಮರುದಿನ ಅಂಗಡಿಯ ಬಾಗಿಲು ತೆಗೆದವಳು ಅವನ ಹೆಂಡತಿ. ನಿಂತ ಗಡಿಯಾರಗಳಲ್ಲಿ ಒಂದನ್ನು ಗೋಡೆಯಿಂದ ಇಳಿಸಿ, ಮೇಜಿನ ಮೇಲಿಟ್ಟು, ಕೀ ಎಲ್ಲಿದೆಯೆಂದು ಹುಡುಕತೊಡಗಿದಳು.’

“ಹೂಂ,” ಅಂದರು ಮೇಷ್ಟ್ರು.